ಶವರ್ ಬಾಗಿಲಿನ ಬಿಳಿ ಕಲೆ: ಉಜ್ಜಿದ್ದು ಕಡಿಮೆ, ಕಾದಿದ್ದು ಜಾಸ್ತಿ

ತಂಗಿ ಈ ಮನೆಗೆ ಮೊದಲ ಸಲ ಬಂದಿದ್ದಳು. ಸ್ನಾನ ಮುಗಿಸಿ ತಲೆ ಒರೆಸಿಕೊಳ್ಳುತ್ತಾ ಹೇಳಿದಳು: “ಮಸುಕು ಗಾಜು ಹಾಕ್ಸಿದ್ದು ಒಳ್ಳೇದಾಯ್ತು ಕಣೋ ಅಣ್ಣ. ಒಳಗಡೆ ಇರೋರು ಕಾಣಲ್ಲ.”

ನಾನು ಹೂಂ ಅಂದೆ. ಹಾಕಿಸಿದ್ದು ಮಸುಕು ಗಾಜಲ್ಲ. ನಾಲ್ಕು ವರ್ಷದ ಹಿಂದೆ ಆ ಬಾಗಿಲು ಎಷ್ಟು ತಿಳಿಯಾಗಿತ್ತೆಂದರೆ, ಮೊದಲ ವಾರ ನಾನೇ ಒಂದು ಸಲ ಹಣೆ ಕುಟ್ಟಿಸಿಕೊಂಡಿದ್ದೆ.

ಅವಳು ಹೊರಟ ಮೇಲೆ ಟಾರ್ಚ್ ಹಿಡಿದು ಗಾಜನ್ನು ಓರೆಯಾಗಿ ನೋಡಿದೆ. ನೇರ ಬೆಳಕಿನಲ್ಲಿ ಒಂದೇ ಮಂಜಿನ ಹಾಗೆ ಕಾಣುತ್ತಿದ್ದದ್ದು ಓರೆ ಬೆಳಕಿನಲ್ಲಿ ಬೇರೆ ಬೇರೆಯಾಯಿತು. ತಲೆಮಟ್ಟಕ್ಕಿಂತ ಮೇಲೆ ಗಾಜು ಚೆನ್ನಾಗಿಯೇ ಇದೆ. ಭುಜದಿಂದ ಮೊಣಕಾಲಿನವರೆಗೆ ಪುಟ್ಟ ಪುಟ್ಟ ಉಂಗುರಗಳು, ಒಂದರ ಮೇಲೊಂದು. ಪ್ರತಿ ಉಂಗುರದ ಅಂಚು ದಪ್ಪ, ನಡು ತೆಳು. ಹನಿ ಒಣಗುವಾಗ ಅಂಚು ಬೇಗ ಒಣಗುತ್ತದೆ. ನಡುವಿನ ನೀರು ಅಲ್ಲಿಗೆ ಹರಿದು, ತನ್ನಲ್ಲಿರುವುದನ್ನೆಲ್ಲ ಅಂಚಿಗೇ ತಂದು ಬಿಡುತ್ತದೆ. ಅದಕ್ಕೇ ಆ ಉಂಗುರ. ಮೊಣಕಾಲಿನಿಂದ ಕೆಳಗೆ ಉಂಗುರಗಳೂ ಇಲ್ಲ, ಪೂರ್ತಿ ಹಕ್ಕಳೆ. ಉಗುರಿನಿಂದ ಗೀರಿದರೆ ಬೂದು ಬಣ್ಣದ ಮೇಣದಂಥದ್ದು ಉಗುರಿನ ಸಂದಿಗೆ ಬಂತು. ಅದರ ಕೆಳಗೆ ಮುಟ್ಟಿದರೆ ಮರಳು ಕಾಗದದ ಹಾಗೆ ಒರಟು.

ಮೇಲಿನ ಮೇಣ ಒಂದು, ಕೆಳಗಿನ ಒರಟು ಇನ್ನೊಂದು. ಎರಡನ್ನೂ ಒಂದೇ ಕೊಳೆ ಅಂದುಕೊಂಡು ನಾಲ್ಕು ವರ್ಷ ಗುದ್ದಾಡಿದ್ದೆ.

ಅಲ್ಲಿಯವರೆಗೆ ಮಾಡಿದ ಸಾಹಸ

ಏನೂ ಮಾಡಿರಲಿಲ್ಲ ಅಂತಲ್ಲ. ಕಿಟಕಿ ಗಾಜಿಗೆ ಹೊಡೆಯುವ ನೀಲಿ ಸ್ಪ್ರೇ ಹೊಡೆದು ಒರೆಸಿದ್ದೆ. ಒರೆಸಿದ ಐದು ನಿಮಿಷ ಹೊಳೆಯುತ್ತಿತ್ತು. ಒಣಗಿದ ಕೂಡಲೇ ಬಿಳಿ ವಾಪಸ್. ಒದ್ದೆ ಗಾಜು ಯಾವಾಗಲೂ ಚೊಕ್ಕಟವಾಗಿಯೇ ಕಾಣುತ್ತದೆ, ಒರಟಿನ ತಗ್ಗುಗಳಲ್ಲಿ ನೀರು ತುಂಬಿಕೊಂಡು ಬೆಳಕು ಚೆದುರುವುದಿಲ್ಲ, ಅಷ್ಟೇ. ಆ ಸ್ಪ್ರೇ ಇರುವುದು ಬೆರಳಚ್ಚು, ಧೂಳು ಒರೆಸುವುದಕ್ಕೆ. ಕಲ್ಲಾಗಿ ಕೂತಿರುವುದಕ್ಕೆ ಅದರಿಂದ ಏನೂ ಆಗುವುದಿಲ್ಲ.

ಆಮೇಲೆ ಎಲ್ಲರೂ ಹೇಳುವ ಅಡುಗೆ ಸೋಡಾ ಮತ್ತು ವಿನಿಗರ್. ಎರಡನ್ನೂ ಕಲಸಿ ಹಚ್ಚಿದೆ. ಬುಸುಬುಸು ನೊರೆ ಬಂತು, ನೋಡಲು ಬಲು ಚಂದ. ನೊರೆ ಇಳಿದ ಮೇಲೆ ಗಾಜು ಇದ್ದ ಹಾಗೇ ಇತ್ತು. ಇರಲೇಬೇಕು. ವಿನಿಗರ್ ಹುಳಿ, ಸೋಡಾ ಕ್ಷಾರ. ಎರಡೂ ಒಂದನ್ನೊಂದು ತಿಂದು ಹಾಕಿ, ಉಳಿಯುವುದು ಸೋಡಿಯಂ ಅಸಿಟೇಟ್ ಎಂಬ ಉಪ್ಪಿನ ನೀರು. ಗಾಜಿನ ಮೇಲಿನ ಕಲೆಗೆ ಕೆಲಸ ಮಾಡಬೇಕಿದ್ದ ಹುಳಿ ಬಟ್ಟಲಲ್ಲೇ ಖರ್ಚಾಗಿ ಹೋಯಿತು. ಸೋಡಾವನ್ನು ಒಂದೇ ಹಾಕಿ ಮೆಲ್ಲಗೆ ತಿಕ್ಕಲು ಬಳಸಿದರೆ ಅದರ ಮಾತು ಬೇರೆ. ಕಲಸಿದರೆ ಮಾತ್ರ ಸುಮ್ನೆ ತಮಾಷೆ.

ಮೂರನೆಯದನ್ನು ಹೇಳಿಕೊಳ್ಳಲು ನಾಚಿಕೆ. ಒಂದು ಭಾನುವಾರ ತಲೆಕೆಟ್ಟು ಪಾತ್ರೆ ತಿಕ್ಕುವ ಸ್ಟೀಲ್ ಸ್ಕ್ರಬ್ಬರ್ ತಗೊಂಡು ಹಿಡಿಯ ಹತ್ತಿರ ಗಸಗಸ ಉಜ್ಜಿಬಿಟ್ಟೆ. ಕಲೆ ಸ್ವಲ್ಪ ಹೋಯಿತು. ಅದರ ಜಾಗದಲ್ಲಿ ಕೂದಲೆಳೆಯಂಥ ಗೀರುಗಳು ಬಂದವು, ಅರ್ಧ ಚಂದ್ರಾಕಾರದಲ್ಲಿ, ನನ್ನ ಕೈ ಓಡಾಡಿದ ದಾರಿಯನ್ನೇ ತೋರಿಸುತ್ತಾ. ಅವು ಈಗಲೂ ಇವೆ.

ಗಾಜಿನ ಮೇಲೆ ಇರುವುದೇನು

ಸಾದಾ ಬಾರ್ ಸೋಪು ಎಂದರೆ ಕೊಬ್ಬಿನ ಆಮ್ಲ ಮತ್ತು ಸೋಡಿಯಂ ಸೇರಿದ ವಸ್ತು. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುತ್ತವೆ. ಸೋಪು ಆ ನೀರಿಗೆ ಬಿದ್ದರೆ ಕ್ಯಾಲ್ಸಿಯಂ ಬಂದು ಸೋಡಿಯಂ ಜಾಗ ಹಿಡಿಯುತ್ತದೆ. ಆಗ ಆಗುವ ಕ್ಯಾಲ್ಸಿಯಂ ಸ್ಟಿಯರೇಟ್ ನೀರಿನಲ್ಲಿ ಕರಗುವುದೇ ಇಲ್ಲ. ನನ್ನ ಉಗುರಿನ ಸಂದಿಗೆ ಬಂದ ಬೂದು ಮೇಣ ಅದೇ, ಜೊತೆಗೆ ಮೈಯ ಎಣ್ಣೆ, ಶಾಂಪೂ ಉಳಿಕೆ.

ಅದರ ಕೆಳಗಿನ ಒರಟು ಸುಣ್ಣ. ಸುಣ್ಣ ಅಂತ ಸಲೀಸಾಗಿ ಹೇಳುತ್ತಿದ್ದೇನೆ, ಸರಿಯಾದ ಹೆಸರು ಕ್ಯಾಲ್ಸಿಯಂ ಕಾರ್ಬೋನೇಟ್. ನೀರಿನಲ್ಲಿ ಬೈಕಾರ್ಬೋನೇಟ್ ಆಗಿ ಕರಗಿಕೊಂಡಿದ್ದದ್ದು ಹನಿ ಒಣಗಿದಾಗ ಕಾರ್ಬೋನೇಟ್ ಆಗಿ ಗಾಜಿಗೆ ಕಚ್ಚಿಕೊಳ್ಳುತ್ತದೆ. ಗೀಸರಿನ ಕಾಯಿಲ್ ಮೇಲೆ, ಕೆಟಲ್ ತಳದಲ್ಲಿ ಕಟ್ಟುವುದೂ ಇದೇ. ಮಾರ್ಬಲ್ ಕಲ್ಲು ಆಗಿರುವುದೂ ಇದರಿಂದಲೇ. ಆ ಮಾರ್ಬಲ್ ಸಂಗತಿ ಮುಂದೆ ನನಗೆ ತಿರುಗಿ ಬಂತು.

ಇವೆರಡೂ ಗಾಜಿನ ಮೇಲೆ ಕೂತ ಪದರಗಳು. ಮೂರನೆಯದು ಕೂತದ್ದಲ್ಲ, ಗಾಜೇ ಹಾಳಾಗಿರುವುದು. ಸಾಮಾನ್ಯ ಗಾಜಿನಲ್ಲಿ 100ಕ್ಕೆ ಸುಮಾರು 70 ಭಾಗ ಸಿಲಿಕಾ, ಅಂದರೆ ಮರಳಿನ ವಸ್ತು. ಉಳಿದದ್ದರಲ್ಲಿ ಹೆಚ್ಚಿನದು ಸೋಡಿಯಂ ಮತ್ತು ಕ್ಯಾಲ್ಸಿಯಂ ಆಕ್ಸೈಡ್‌ಗಳು. ಒಂದೇ ಜಾಗದಲ್ಲಿ ನೀರು ಬಹಳ ಹೊತ್ತು, ಬಹಳ ಸಲ ನಿಂತರೆ ಗಾಜಿನೊಳಗಿನ ಸೋಡಿಯಂ ನಿಧಾನವಾಗಿ ನೀರಿಗೆ ಇಳಿಯುತ್ತದೆ. ಆಗ ಆ ತೆಳು ನೀರು ಕ್ಷಾರವಾಗುತ್ತದೆ. ಹುಳಿ-ಕ್ಷಾರ ಅಳೆಯುವ ಪಿಎಚ್ 9 ದಾಟಿದರೆ ಸಿಲಿಕಾವನ್ನೂ ಕರಗಿಸಲು ಶುರುಮಾಡುತ್ತದೆ. ನೀರು ಗಾಜನ್ನು ತಿನ್ನುವುದು ಹೀಗೆ. ಅಲ್ಲಿ ತೊಳೆಯಲು ಏನೂ ಇಲ್ಲ, ಏಕೆಂದರೆ ಮೇಲೆ ಏನೂ ಇಲ್ಲ.

ಹಾಗಾದರೆ ಯಾವ ಜಾಗದಲ್ಲಿ ಯಾವುದು? ಬೆರಳು ಹೇಳುತ್ತದೆ. ಜಾರಿದರೆ ಜಿಡ್ಡು. ತಡೆದರೆ ಸುಣ್ಣ. ನುಣುಪಾಗಿದ್ದೂ ಮಸುಕಾಗಿದ್ದರೆ ಹೆಚ್ಚಾಗಿ ಗಾಜೇ ಸವೆದಿದೆ. ಇದು ಪಕ್ಕಾ ಅಲ್ಲ, ಆದರೆ ಹುಳಿ ಹಾಕಿ ನೋಡುವ ಮುಂಚೆ ಒಂದು ಅಂದಾಜು ಸಿಗುತ್ತದೆ.

ಶುಕ್ರವಾರ ರಾತ್ರಿ: ನಾಲ್ಕು ಚೌಕ

ಇಡೀ ಬಾಗಿಲಿಗೆ ಕೈ ಹಾಕುವ ಮೊದಲು ಕೆಳಭಾಗದಲ್ಲಿ ಪೇಂಟರ್‌ಗಳ ಕಾಗದದ ಟೇಪ್ ಅಂಟಿಸಿ ಅಂಗೈ ಅಗಲದ ನಾಲ್ಕು ಚೌಕ ಮಾಡಿದೆ. ಒಂದರಲ್ಲಿ ಪಾತ್ರೆ ತೊಳೆಯುವ ಲಿಕ್ವಿಡ್ ಮಾತ್ರ. ಎರಡನೆಯದರಲ್ಲಿ 5 ಪರ್ಸೆಂಟ್ ಬಿಳಿ ವಿನಿಗರ್. ಮೂರನೆಯದರಲ್ಲಿ ಒಂದು ಲೀಟರ್ ನೀರಿಗೆ 100 ಗ್ರಾಂ ಸಿಟ್ರಿಕ್ ಆಸಿಡ್ ಪುಡಿ ಹಾಕಿ ಕರಗಿಸಿದ ನೀರು. ನಾಲ್ಕನೆಯದನ್ನು ಮೊದಲು ಲಿಕ್ವಿಡ್‌ನಲ್ಲಿ ತೊಳೆದು, ನೀರು ಹಾಕಿ, ಆಮೇಲೆ ಅದೇ ಸಿಟ್ರಿಕ್ ನೀರು. ಹುಳಿ ಹಾಕಿದ ಮೂರಕ್ಕೂ ಅದರಲ್ಲೇ ನೆನೆಸಿದ ಟಿಶ್ಯೂ ಅಂಟಿಸಿ ಅರ್ಧ ಗಂಟೆ ಬಿಟ್ಟೆ.

ಲಿಕ್ವಿಡ್ ಚೌಕದಲ್ಲಿ ಮೇಣ ಹೋಯಿತು, ಬಿಳಿ ಇನ್ನೂ ಎದ್ದು ಕಂಡಿತು. ವಿನಿಗರ್ ಚೌಕದಲ್ಲಿ ಅಲ್ಲಲ್ಲಿ ತೂತು ಬಿದ್ದ ಹಾಗೆ ತಿಳಿಯಾಗಿತ್ತು, ನಡುವೆ ದ್ವೀಪಗಳ ಹಾಗೆ ಕಲೆ. ಸಿಟ್ರಿಕ್ ಒಂದನ್ನೇ ಹಾಕಿದ ಚೌಕವೂ ಹಾಗೇ, ಸ್ವಲ್ಪ ವಾಸಿ. ನಾಲ್ಕನೆಯ ಚೌಕದ ಟಿಶ್ಯೂ ತೆಗೆದಾಗ ಅದರಾಚೆ ಟವೆಲ್ ನೇತುಹಾಕುವ ಮೊಳೆ ಕಾಣಿಸಿತು. ನಾಲ್ಕು ವರ್ಷದಲ್ಲಿ ಮೊದಲ ಸಲ ಬಾಗಿಲು ಮುಚ್ಚಿದ್ದಾಗ ಆ ಮೊಳೆ ನೋಡಿದೆ.

ಎರಡು ಮತ್ತು ಮೂರರಲ್ಲಿ ಉಳಿದ ದ್ವೀಪಗಳು ಯಾಕೆ ಅಂತ ಆಗ ಹೊಳೆಯಿತು. ಸುಣ್ಣದ ಮೇಲೆ ಮೇಣದ ಹೊದಿಕೆ ಇದೆ. ಹುಳಿ ನೀರಿನಂಥದ್ದು, ಮೇಣದ ಮೇಲೆ ನಿಲ್ಲುವುದಿಲ್ಲ. ಹೊದಿಕೆ ಹರಿದ ಕಡೆ ಮಾತ್ರ ಒಳಗೆ ಇಳಿದಿದೆ. ಜಿಡ್ಡು ಮೊದಲು, ಸುಣ್ಣ ಆಮೇಲೆ. ಕ್ರಮ ತಪ್ಪಿದರೆ ಎಷ್ಟು ಒಳ್ಳೆಯ ಆಸಿಡ್ ಆದರೂ ಅರ್ಧ ಕೆಲಸವೇ.

ವಿನಿಗರ್ ಬಿಟ್ಟು ಸಿಟ್ರಿಕ್ ಆರಿಸಿಕೊಂಡಿದ್ದಕ್ಕೆ ಎರಡು ಕಾರಣ. ಒಂದು ವಾಸನೆ. ಮುಚ್ಚಿದ ಬಾತ್‌ರೂಮಿನಲ್ಲಿ ವಿನಿಗರ್ ಅರ್ಧ ಗಂಟೆ ಇದ್ದರೆ ಕಣ್ಣಲ್ಲಿ ನೀರು. ಎರಡು, ಶಕ್ತಿ. ಲೆಕ್ಕ ಹಾಕಿದರೆ ಒಂದು ಲೀಟರ್ 5 ಪರ್ಸೆಂಟ್ ವಿನಿಗರ್ ಹೆಚ್ಚೆಂದರೆ ಸುಮಾರು 40 ಗ್ರಾಂ ಸುಣ್ಣ ಕರಗಿಸಬಲ್ಲದು. ನನ್ನ ಸಿಟ್ರಿಕ್ ನೀರಿನಲ್ಲಿ ಅದರ ಹತ್ತಿರ ಹತ್ತಿರ ಎರಡರಷ್ಟು ಹುಳಿ ಇದೆ. ಒಂದು ಎಚ್ಚರ: ಬೇಗ ಆಗಲಿ ಅಂತ ಕುದಿಯುವ ನೀರಿನಲ್ಲಿ ಕಲಸಬೇಡಿ. ಕರಗಿದ ಸುಣ್ಣ ಕ್ಯಾಲ್ಸಿಯಂ ಸಿಟ್ರೇಟ್ ಆಗುತ್ತದೆ, ಅದು ಬಿಸಿ ಹೆಚ್ಚಾದಷ್ಟೂ ಕಡಿಮೆ ಕರಗುವ ವಿಚಿತ್ರ ಜಾತಿ. ಬಿಸಿ ಜಾಸ್ತಿಯಾದರೆ ಒಂದು ಬಿಳಿ ಹೋಗಿ ಇನ್ನೊಂದು ಬಿಳಿ ಕೂರುತ್ತದೆ. ಬೆಚ್ಚಗಿದ್ದರೆ ಸಾಕು.

ಟಾಯ್ಲೆಟ್ ತೊಳೆಯುವ ಆಸಿಡ್ ಹಾಕಿದರೆ ಐದೇ ನಿಮಿಷ ಅನ್ನುವವರಿದ್ದಾರೆ. ಅದರಲ್ಲಿ ಸಾಮಾನ್ಯವಾಗಿ ಇರುವುದು ಹೈಡ್ರೋಕ್ಲೋರಿಕ್ ಆಸಿಡ್. ಸುಣ್ಣಕ್ಕೆ ಯಮ, ನಿಜ. ಆದರೆ ಹಿಂಜ್, ಹಿಡಿ, ನಲ್ಲಿಯ ಕ್ರೋಮ್ ಹೊಳಪಿಗೂ, ಸ್ಟೀಲಿಗೂ ಅದೇ ಯಮ. ಅದರ ಹೊಗೆ ತಾಗಿದರೂ ಸಾಕು. ನಾನು ಆ ಬಾಟಲಿ ಹತ್ತಿರ ಹೋಗಲಿಲ್ಲ.

ಶನಿವಾರ: ದೊಡ್ಡ ಕೆಲಸ

ಬೆಳಿಗ್ಗೆ ಎಲ್ಲರ ಸ್ನಾನ ಮುಗಿದ ಮೇಲೆ ಶುರುಮಾಡಿದೆ. ಬಿಸಿನೀರಿನ ಹಬೆಯಲ್ಲಿ ಜಿಡ್ಡು ಸ್ವಲ್ಪ ಮೆತ್ತಗಾಗಿರುತ್ತದೆ. ಗ್ಲೌಸ್, ಹಳೇ ಕನ್ನಡಕ, ಫ್ಯಾನ್ ಆನ್, ಕಿಟಕಿ ತೆರೆದು.

ಬಾಗಿಲ ಹೊಸ್ತಿಲು ಮಾರ್ಬಲ್. ಹುಳಿ ತಾಗಿದರೆ ಅದೂ ಕರಗುತ್ತದೆ ಅಂತ ಗೊತ್ತಿತ್ತು. ಅದಕ್ಕೇ ಪ್ಲಾಸ್ಟಿಕ್ ಹಾಳೆ ಹಾಸಿ, ಅಂಚಿಗೆ ಟೇಪ್ ಹಾಕಿದೆ. ಒಂದು ತುದಿ ಒದ್ದೆಯಾಗಿತ್ತು, ಟೇಪ್ ಸರಿಯಾಗಿ ಕೂರಲಿಲ್ಲ. ಇರಲಿ ಬಿಡು ಅಂದುಕೊಂಡೆ.

ಮೊದಲು ಜಿಡ್ಡು. ಬೆಚ್ಚಗಿನ ನೀರಿಗೆ ಪಾತ್ರೆ ಲಿಕ್ವಿಡ್ ಹಾಕಿ, ಗೀರು ಬೀಳದ ಬಿಳಿ ಪ್ಯಾಡಿನಿಂದ ಮೇಲಿಂದ ಕೆಳಗೆ ಹಚ್ಚುತ್ತಾ ಬಂದೆ. ಹತ್ತು ನಿಮಿಷ ಬಿಟ್ಟು ಉಜ್ಜಿದೆ. ಬಕೆಟ್ಟಿನ ನೀರು ಅಂಬಲಿಯ ಬಣ್ಣಕ್ಕೆ ತಿರುಗಿತು. ನೀರು ಬದಲಿಸಿ ಇನ್ನೊಮ್ಮೆ. ಬೆರಳು ಎಳೆದರೆ ಕಿರ್ ಅನ್ನುವವರೆಗೆ. ಆ ಸದ್ದು ಬಂದರೆ ಜಿಡ್ಡು ಹೋಗಿದೆ ಅಂತ ಅರ್ಥ. ಆ ಹೊತ್ತಿಗೆ ಗಾಜು ಮೊದಲಿಗಿಂತ ಬೆಳ್ಳಗೆ ಕಂಡಿತು. ಗಾಬರಿಯಾಗಬೇಕಿಲ್ಲ, ಮೇಣ ಹೋಗಿ ಒಣ ಸುಣ್ಣ ಹೊರಗೆ ಬಂದಿದೆ.

ಆಮೇಲೆ ಹುಳಿ. ಇಲ್ಲಿ ಎಲ್ಲರೂ ಎಡವುವುದು ಸ್ಪ್ರೇ ಹೊಡೆದು ಎರಡು ನಿಮಿಷಕ್ಕೆ ಒರೆಸುವುದರಲ್ಲಿ. ನಿಂತ ಗಾಜು, ಸ್ಪ್ರೇ ಹೊಡೆದದ್ದೆಲ್ಲ ಕೆಳಗೆ ಹರಿದು ಹೋಗುತ್ತದೆ. ಹುಳಿ ಸುಣ್ಣದ ಜೊತೆ ಇರಬೇಕಾದದ್ದು ನಿಮಿಷಗಟ್ಟಲೆ. ನಾನು ಅಡುಗೆಮನೆಯ ಟಿಶ್ಯೂ ರೋಲ್ ಬಿಚ್ಚಿ, ಹಾಳೆ ಹಾಳೆಯಾಗಿ ಸಿಟ್ರಿಕ್ ನೀರಿನಲ್ಲಿ ಅದ್ದಿ ಗಾಜಿಗೆ ಅಂಟಿಸುತ್ತಾ ಹೋದೆ. ಕೆಳಗೆ ಗಾಳಿ ಉಳಿದರೆ ಅಲ್ಲಿ ಕೆಲಸ ಆಗುವುದಿಲ್ಲ, ಹಾಗಾಗಿ ಕೈಯಲ್ಲಿ ಒತ್ತಿ ಒತ್ತಿ ಸಪಾಟು ಮಾಡಿದೆ. ಅದರ ಮೇಲೆ ಆಹಾರ ಮುಚ್ಚುವ ತೆಳು ಪ್ಲಾಸ್ಟಿಕ್ ಹಾಳೆ. ಇಲ್ಲದಿದ್ದರೆ ಟಿಶ್ಯೂ ಒಣಗಿ, ಕರಗಿದ ಸುಣ್ಣ ಮತ್ತೆ ಅಲ್ಲೇ ಕೂರುತ್ತದೆ. ಕಿವಿ ಹತ್ತಿರ ಇಟ್ಟರೆ ತುಂಬಾ ಸಣ್ಣಗೆ ಚುರುಚುರು ಸದ್ದು. ಸುಣ್ಣದಿಂದ ಇಂಗಾಲದ ಡೈಆಕ್ಸೈಡ್ ಬಿಡುತ್ತಿರುವ ಗುಳ್ಳೆಗಳು. ಅಮ್ಮ ಬಾಗಿಲಲ್ಲಿ ಇಣುಕಿ, “ಏನೋ ಇದು, ಗಾಜಿಗೆ ಬ್ಯಾಂಡೇಜ್ ಕಟ್ಟಿದೀಯಾ?” ಅಂದರು.

40 ನಿಮಿಷ ಬಿಟ್ಟು ಬ್ಯಾಂಡೇಜ್ ಬಿಚ್ಚಿದೆ. ಅದೇ ಟಿಶ್ಯೂ ಮುದ್ದೆ ಮಾಡಿ ಉಜ್ಜಿದರೆ ಉಂಗುರಗಳು ಒತ್ತಡವೇ ಇಲ್ಲದೆ ಹೋದವು. ನಿಜವಾಗಿ ಹೇಳುತ್ತೇನೆ, ಒರೆಸಿದ್ದು ಅನ್ನಬೇಕು, ಉಜ್ಜಿದ್ದು ಅನ್ನುವ ಹಾಗಿಲ್ಲ. ಆದರೆ ನೀರು ಹಾಕಿದ ಮೇಲೆ ಕೈಗೆ ಏನೋ ಜಿಡ್ಡು ಜಿಡ್ಡು. ಜಿಡ್ಡು ಪೂರ್ತಿ ತೆಗೆದಿದ್ದೆನಲ್ಲ! ಅದು ಹೊಸ ಜಿಡ್ಡು. ಸುಣ್ಣದ ಪದರಗಳ ನಡುವೆ ಸಿಕ್ಕಿಹಾಕಿಕೊಂಡಿದ್ದ ಸೋಪಿನ ಕಲೆಗೆ ಹುಳಿ ತಾಗಿದಾಗ ಕ್ಯಾಲ್ಸಿಯಂ ಬಿಟ್ಟು ಹೋಗಿ, ಕೊಬ್ಬಿನ ಆಮ್ಲ ಮಾತ್ರ ಮೇಣವಾಗಿ ಉಳಿಯುತ್ತದೆ. ಅದಕ್ಕೆ ಮತ್ತೆ ಪಾತ್ರೆ ಲಿಕ್ವಿಡ್. ಈ ಹಂತ ಬಿಟ್ಟುಬಿಟ್ಟವರು ‘ಆಸಿಡ್ ಹಾಕಿದ್ರೂ ಮಸುಕು ಹೋಗಲಿಲ್ಲ’ ಅನ್ನುತ್ತಾರೆ.

ಮೊಣಕಾಲಿನಿಂದ ಕೆಳಗಿನ ಹಕ್ಕಳೆಗೆ ಒಂದು ಸುತ್ತು ಸಾಲಲಿಲ್ಲ. ಮೂರು ಸುತ್ತು ಬೇಕಾಯಿತು, ಪ್ರತಿ ಸಲ ಹೊಸ ಸಿಟ್ರಿಕ್ ನೀರು, ಹೊಸ ಟಿಶ್ಯೂ. ನಡುನಡುವೆ ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಕೆರೆದೆ. ಎರಡನೇ ಸುತ್ತಿನ ಮೇಲೆ ಚಕ್ಕೆ ಚಕ್ಕೆಯಾಗಿ ಎದ್ದು ಬಂತು, ಮೊಟ್ಟೆಯ ಸಿಪ್ಪೆಯಷ್ಟು ದಪ್ಪ. ಅಂದಹಾಗೆ ಮೊಟ್ಟೆಯ ಸಿಪ್ಪೆಯೂ ಇದೇ ವಸ್ತು.

ಬ್ಲೇಡ್ ಹಾಕಬಹುದಿತ್ತಲ್ಲ ಅಂತ ಕೇಳಬಹುದು. ಸುಣ್ಣ ಗಾಜಿಗಿಂತ ಮೆದು. ಗಟ್ಟಿತನ ಹೇಳುವ ಮೋಹ್ಸ್ ಅಳತೆಯಲ್ಲಿ ಸುಣ್ಣ 3, ಗಾಜು ಸುಮಾರು 5.5. ಹಾಗಾಗಿ ಸುಣ್ಣದಿಂದ ಗಾಜಿಗೆ ಗೀರು ಬೀಳುವುದಿಲ್ಲ. ಆದರೆ ಶವರ್ ಬಾಗಿಲು ಟಫನ್ಡ್ ಗಾಜು. ಅದನ್ನು ಕುಲುಮೆಯಲ್ಲಿ ಕಾಯಿಸಿ ಗಾಳಿ ಊದಿ ಗಟ್ಟಿ ಮಾಡುವಾಗ ಕೆಲವು ಸಲ ಗಾಜಿನದೇ ಪುಡಿ ಮೇಲ್ಮೈಗೆ ಅಂಟಿಕೊಂಡು ಉಳಿದಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಬ್ಲೇಡ್ ಆ ಚೂರನ್ನು ಕಿತ್ತು, ಅದನ್ನೇ ಎಳೆದುಕೊಂಡು ಹೋದರೆ ಉದ್ದಕ್ಕೂ ಗೀರು. ಒಂದು ಸಲ ಸ್ಟೀಲ್ ಸ್ಕ್ರಬ್ಬರಿನ ಪಾಠ ಆಗಿದ್ದವನು ಇನ್ನೊಂದಕ್ಕೆ ಫೀಸು ಕಟ್ಟಲಿಲ್ಲ.

ಸಂಜೆ ನಾಲ್ಕಕ್ಕೆ ಕೊನೆಯ ನೀರು ಹಾಕಿ, ವೈಪರ್ ಎಳೆದು, ಒಣ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿದೆ. ಪ್ಲಾಸ್ಟಿಕ್ ಹಾಳೆ ಎತ್ತಿದೆ. ಟೇಪ್ ಸರಿಯಾಗಿ ಕೂರದ ತುದಿಯಲ್ಲಿ, ಹೊಸ್ತಿಲ ಮೇಲೆ, ನಾಣ್ಯದಷ್ಟು ದೊಡ್ಡ ಮಂಕು ಗುರುತು. ಸುತ್ತ ಹೊಳಪು, ನಡುವೆ ಹೊಳಪಿಲ್ಲದ ಒಂದು ಬೊಟ್ಟು. ಗಾಜಿನ ಸುಣ್ಣಕ್ಕೆ ಆದ ಗತಿಯೇ ಕಲ್ಲಿಗೂ ಆಯಿತು. ಆ ಒಂದು ತುದಿಗೆ ಬಟ್ಟೆ ತಂದು ಒರೆಸಿ ಟೇಪ್ ಹಾಕಲು ಒಂದು ನಿಮಿಷ ಸಾಕಿತ್ತು.

ಭಾನುವಾರ: ಸಂದಿಗೊಂದಿ

ಗಾಜು ತಿಳಿಯಾದ ಕೂಡಲೇ ಉಳಿದದ್ದೆಲ್ಲ ಕೊಳಕಾಗಿ ಕಾಣತೊಡಗಿತು. ಕೆಳಗಿನ ರಬ್ಬರ್ ಪಟ್ಟಿ ಹಳದಿಯಾಗಿತ್ತು. ಅದು ಗಾಜಿನ ಅಂಚಿಗೆ ಸುಮ್ನೆ ಸಿಕ್ಕಿಸಿರುವುದು, ಒಂದು ತುದಿಯಿಂದ ಎಳೆದರೆ ಕಳಚಿ ಬರುತ್ತದೆ. ಒಳಗಿನ ಲೋಳೆ ವರ್ಣಿಸುವುದಿಲ್ಲ. ಬೆಚ್ಚಗಿನ ಲಿಕ್ವಿಡ್ ನೀರಿನಲ್ಲಿ ನೆನೆಸಿ ಹಳೇ ಟೂತ್‌ಬ್ರಷ್‌ನಲ್ಲಿ ತಿಕ್ಕಿದೆ. ಕೊಳೆ ಹೋಯಿತು, ಹಳದಿ ಹೋಗಲಿಲ್ಲ, ಪ್ಲಾಸ್ಟಿಕ್ ಹಳೆಯದಾಗಿ ಬಂದ ಬಣ್ಣ ಅದು. ಹೊಸ ಪಟ್ಟಿ ತರುವಾಗ ಗಾಜಿನ ದಪ್ಪ ಅಳೆದುಕೊಂಡು ಹೋಗಬೇಕು. ನನ್ನದು 8 ಮಿಲಿಮೀಟರ್. 10ರದ್ದು ತಂದರೆ ಜಾರಿ ಬೀಳುತ್ತದೆ.

ಹಿಂಜಿನ ಸುತ್ತ ಹುಳಿ ಬಳಸಲಿಲ್ಲ ಅಂತಲ್ಲ, ಬಟ್ಟೆಗೆ ಹಾಕಿ ಎರಡು ನಿಮಿಷ ಒತ್ತಿ ಹಿಡಿದು, ತಕ್ಷಣ ನೀರಿನಿಂದ ಒರೆಸಿದೆ.

ಗೋಡೆ ಮತ್ತು ಗಾಜು ಸೇರುವ ಸಿಲಿಕೋನ್ ಗೆರೆಯಲ್ಲಿ ಕಪ್ಪು ಬೂಸ್ಟು. ಅದಕ್ಕೆ ಹುಳಿ ಕೆಲಸಕ್ಕೆ ಬಾರದು, ಬ್ಲೀಚ್ ಬೇಕು. ಆದರೆ ಆ ದಿನ ಬ್ಲೀಚ್ ಬಾಟಲಿಯ ಮುಚ್ಚಳ ತೆಗೆಯಲಿಲ್ಲ. ಹುಳಿಯ ಜೊತೆ ಬ್ಲೀಚ್ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಮೊದಲನೇ ಮಹಾಯುದ್ಧದಲ್ಲಿ, 1915ರಲ್ಲಿ, ಬೆಲ್ಜಿಯಂನ ಈಪ್ರ್ ಎಂಬಲ್ಲಿ ಸೈನಿಕರ ಮೇಲೆ ಬಿಟ್ಟದ್ದು ಅದೇ ಅನಿಲ. ಮುಚ್ಚಿದ ಬಾತ್‌ರೂಮಿನಲ್ಲಿ ಸ್ವಲ್ಪ ಬಂದರೂ ಎದೆ ಹಿಡಿಯುತ್ತದೆ. ವಿನಿಗರ್ ಆಗಲಿ, ಸಿಟ್ರಿಕ್ ಆಗಲಿ, ಟಾಯ್ಲೆಟ್ ಆಸಿಡ್ ಆಗಲಿ, ಬ್ಲೀಚ್ ಜೊತೆ ಒಂದೇ ದಿನ ಬೇಡ. ಒಂದು ವಾರ ಬಿಟ್ಟು, ನಡುವೆ ದಿನಾ ಸ್ನಾನದ ನೀರು ಹರಿದು ಹೋದ ಮೇಲೆ, ಹತ್ತಿಯ ಬತ್ತಿಯನ್ನು ಬ್ಲೀಚಿನಲ್ಲಿ ಅದ್ದಿ ಸಿಲಿಕೋನ್ ಗೆರೆಯುದ್ದಕ್ಕೂ ಮಲಗಿಸಿದೆ. ಎರಡು ಗಂಟೆ. ಕಪ್ಪು ಮುಕ್ಕಾಲು ಪಾಲು ಹೋಯಿತು. ಸಿಲಿಕೋನಿನ ಒಳಗೇ ಇಳಿದಿದ್ದ ಕಡೆ ಹೋಗಲಿಲ್ಲ. ಅಲ್ಲಿ ಕತ್ತರಿಸಿ ಹೊಸದು ಹಾಕಬೇಕು, ಅದು ಇನ್ನೊಂದು ದಿನದ ಕೆಲಸ.

ಹೋಗದ ಮೂಲೆ

ಎಲ್ಲಾ ಮುಗಿದ ಮೇಲೆ ಕೆಳಗಿನ ಬಲ ಮೂಲೆಯಲ್ಲಿ ಅಂಗೈ ಎರಡರಷ್ಟು ಜಾಗ ಮಂಜಾಗಿಯೇ ಉಳಿಯಿತು. ನಾಲ್ಕನೇ ಸುತ್ತು ಹುಳಿ ಹಾಕಿದೆ. ಟಿಶ್ಯೂ ಕೆಳಗೆ ಚುರುಚುರು ಸದ್ದಿಲ್ಲ. ಬೆರಳಿಟ್ಟರೆ ನುಣುಪು. ಬಾಗಿಲು ಆ ಕಡೆಗೆ ಕೂದಲೆಳೆಯಷ್ಟು ವಾಲಿದೆ, ನೀರೆಲ್ಲ ಆ ಮೂಲೆಗೆ ಹರಿದು ರಬ್ಬರ್ ಪಟ್ಟಿಯ ಅಂಚಿನಲ್ಲಿ ನಿಲ್ಲುತ್ತದೆ. ಬೆಳಿಗ್ಗೆ ಸ್ನಾನ ಮಾಡಿದರೆ ಮಧ್ಯಾಹ್ನವೂ ಅಲ್ಲಿ ಒದ್ದೆ. ನಾಲ್ಕು ವರ್ಷ ನೀರು ಕೂತು ಗಾಜನ್ನು ತಿಂದಿದೆ.

ನೀರಿನಲ್ಲಿ ಕರಗಿರುವ ಸಿಲಿಕಾ ಗಾಜಿನ ಮೇಲೆ ಕೂತರೂ ಹೀಗೇ ಆಗುತ್ತದೆ, ಅದಕ್ಕೂ ವಿನಿಗರ್, ಸಿಟ್ರಿಕ್ ತಾಗುವುದಿಲ್ಲ. ಎರಡಕ್ಕೂ ಇರುವ ದಾರಿ ಒಂದೇ, ಪಾಲಿಶ್. ಇಂಥ ಕಲೆಗೆಂದೇ ಸಿಗುವ ಕೆಲವು ದ್ರಾವಣಗಳಲ್ಲಿ ಫ್ಲೋರೈಡ್ ಜಾತಿಯ ಆಸಿಡ್ ಇರುತ್ತದೆ. ಹೈಡ್ರೋಫ್ಲೋರಿಕ್ ಆಸಿಡ್ ಗಾಜನ್ನೇ ಕರಗಿಸುತ್ತದೆ, ಚರ್ಮದ ಮೂಲಕ ಇಳಿದು ದೇಹದ ಕ್ಯಾಲ್ಸಿಯಮ್ಮನ್ನೂ ಹಿಡಿಯುತ್ತದೆ. ಲೇಬಲ್ಲಿನಲ್ಲಿ ಫ್ಲೋರೈಡ್ ಅಂತ ಎಲ್ಲಾದರೂ ಕಂಡರೆ ಬಾಟಲಿ ಇದ್ದ ಜಾಗದಲ್ಲೇ ಇಡಿ.

ಮುಂದಿನ ಶನಿವಾರ ಸೀರಿಯಂ ಆಕ್ಸೈಡ್ ಪುಡಿ ತಂದೆ. ಕನ್ನಡಕದ ಗಾಜು, ಮಸೂರಗಳನ್ನು ಪಾಲಿಶ್ ಮಾಡಲು ಬಳಸುವ ಪುಡಿ ಅದು. ನೀರು ಹಾಕಿ ಮಜ್ಜಿಗೆಯಷ್ಟು ತೆಳ್ಳಗೆ ಕಲಸಿ, ಡ್ರಿಲ್ಲಿಗೆ ಫೆಲ್ಟ್ ಪ್ಯಾಡ್ ಹಾಕಿ, ಕಡಿಮೆ ವೇಗದಲ್ಲಿ ಉಜ್ಜಿದೆ. ಪ್ಯಾಡ್ ಒಣಗಬಾರದು. ಒಣಗಿದರೆ ಗಾಜು ಒಂದೇ ಕಡೆ ಬಿಸಿಯಾಗುತ್ತದೆ, ಬಿಸಿ ಹೆಚ್ಚಾದರೆ ಗಾಜು ಒಡೆಯಬಹುದು. ಅದಕ್ಕೇ ಎಡಗೈಯಲ್ಲಿ ಸ್ಪ್ರೇ ಬಾಟಲಿ, ಬಲಗೈಯಲ್ಲಿ ಡ್ರಿಲ್, ಐದೈದು ನಿಮಿಷಕ್ಕೆ ನಿಲ್ಲಿಸಿ ಕೈಯಿಟ್ಟು ಬಿಸಿ ನೋಡುವುದು. ಎಲ್ಲಾ ಕಡೆ ಕೆನೆ ಬಣ್ಣದ ಹನಿ. ನನ್ನ ಮುಖದ ಮೇಲೂ.

40 ನಿಮಿಷ ಆದ ಮೇಲೆ ಒಂದು ಅಂಗೈಯಷ್ಟು ಜಾಗದಲ್ಲಿ ಮಂಜು ಅರ್ಧದಷ್ಟು ಕಡಿಮೆಯಾಯಿತು. ಅರ್ಧ ಅಂತ ನಾನು ಹೇಳುತ್ತಿದ್ದೇನೆ, ತಂಗಿ ಫೋಟೋ ನೋಡಿ ‘ಎಲ್ಲಿ?’ ಅಂತ ಬರೆದಳು. ಇನ್ನೂ ಉಜ್ಜಬಹುದಿತ್ತು. ಆದರೆ ಒಂದೇ ಕಡೆ ಜಾಸ್ತಿ ಉಜ್ಜಿದರೆ ಅಲ್ಲಿ ತಗ್ಗಾಗಿ, ಅದರಾಚೆಯದೆಲ್ಲ ವಕ್ರವಾಗಿ ಕಾಣುತ್ತದೆ. ಮಂಜು ಮೂಲೆಯೇ ವಾಸಿ ಅನ್ನಿಸಿತು. ಸ್ಟೀಲ್ ಸ್ಕ್ರಬ್ಬರಿನ ಗೀರುಗಳ ಮೇಲೂ ಹತ್ತು ನಿಮಿಷ ಪ್ರಯತ್ನ ಪಟ್ಟೆ. ಉಗುರಿಗೆ ಸಿಗದ ಸಣ್ಣ ಗೀರು ಮಾಸಿದವು, ಉಗುರು ತಡೆಯುವ ಗೀರುಗಳಿಗೆ ಏನೂ ಆಗಲಿಲ್ಲ. ಡ್ರಿಲ್ ಒಳಗಿಟ್ಟೆ.

ಮತ್ತೆ ಕಟ್ಟದ ಹಾಗೆ

ಸ್ನಾನ ಆದ ಮೇಲೆ ಗಾಜಿನ ಮೇಲೆ ಎಷ್ಟು ನೀರು ಉಳಿಯುತ್ತದೆ ಅಂತ ಕುತೂಹಲ. ಒಂದು ದಿನ ವೈಪರ್ ಎಳೆದ ನೀರನ್ನು ಕೆಳಗೆ ಟ್ರೇ ಹಿಡಿದು ಸೇರಿಸಿದೆ. ಅಳತೆ ಲೋಟದಲ್ಲಿ 90 ಮಿಲಿಲೀಟರ್ ಬಂತು. ನಮ್ಮ ನೀರಿನ ಗಡಸುತನ ಪರೀಕ್ಷೆಯ ಪಟ್ಟಿಯಲ್ಲಿ ಲೀಟರಿಗೆ ಸುಮಾರು 300 ಮಿಲಿಗ್ರಾಂ ತೋರಿಸಿತ್ತು. 180 ದಾಟಿದರೇ ತುಂಬಾ ಗಡಸು ಅನ್ನುತ್ತಾರೆ. 90 ಮಿಲಿಲೀಟರಿನಲ್ಲಿ 27 ಮಿಲಿಗ್ರಾಂ. ದಿನಕ್ಕೆ ಎರಡು ಸ್ನಾನ, ವರ್ಷಕ್ಕೆ ಸುಮಾರು 20 ಗ್ರಾಂ. ನಾಲ್ಕು ವರ್ಷಕ್ಕೆ 80. ಎಲ್ಲವೂ ಗಾಜಿಗೆ ಅಂಟುವುದಿಲ್ಲ, ಮರುದಿನದ ನೀರಿನಲ್ಲಿ ಒಂದಷ್ಟು ಹೋಗುತ್ತದೆ. ಆದರೂ ನಾನು ಕರಗಿಸಿದ್ದು ಏನು ಅಂತ ಆ ಸಂಖ್ಯೆ ನೋಡಿದ ಮೇಲೆ ಅರ್ಥವಾಯಿತು.

ಹಾಗಾಗಿ ಬಾಗಿಲ ಒಳಗೇ ಒಂದು ಕೊಕ್ಕೆ ಅಂಟಿಸಿ ವೈಪರ್ ನೇತುಹಾಕಿದ್ದೇನೆ. ಮೇಲಿಂದ ಕೆಳಗೆ ಆರು ಎಳೆತ, ಅರ್ಧ ನಿಮಿಷ. ಹೊರಗಡೆ ಇಟ್ಟರೆ ಯಾರೂ ಮುಟ್ಟುವುದಿಲ್ಲ, ಇದು ಅನುಭವ. ಗಾಜಿನ ಮೇಲೆ ನೀರು ನಿಲ್ಲದ ಹಾಗೆ ಮಾಡುವ ಕೋಟಿಂಗ್ ಕೂಡ ಹಚ್ಚಿದೆ. ಗಾಜಿಗೆ ಕಚ್ಚಿಕೊಳ್ಳುವ ಸಿಲೇನ್ ಜಾತಿಯದು, ಕಾರಿನ ಮುಂದಿನ ಗಾಜಿಗೆ ಹಾಕುವಂಥದ್ದು. ಹಚ್ಚುವ ಮೊದಲು ಗಾಜು ಪೂರ್ತಿ ಚೊಕ್ಕ, ಪೂರ್ತಿ ಒಣ ಇರಬೇಕು. ಕಲೆಯ ಮೇಲೆ ಹಚ್ಚಿದರೆ ಕಲೆಯನ್ನೇ ಕಾಪಾಡಿದ ಹಾಗೆ. ನೀರು ಈಗ ಹರಡದೆ ಮಣಿ ಮಣಿಯಾಗಿ ಉರುಳುತ್ತದೆ. ಆದರೆ ಉರುಳದೆ ನಿಂತ ಮಣಿ ಒಣಗಿದರೆ ಉಂಗುರ ಬಿದ್ದೇ ಬೀಳುತ್ತದೆ. ಕೋಟಿಂಗ್ ಇದೆ ಅಂತ ವೈಪರ್ ಬಿಡುವ ಹಾಗಿಲ್ಲ.

ಬಾರ್ ಸೋಪು ಬಿಟ್ಟು ಲಿಕ್ವಿಡ್ ಬಾಡಿವಾಶ್ ಬಳಸಿದರೆ ಮೇಣದ ಪದರ ಕಡಿಮೆಯಾಗುತ್ತದೆ. ಅದರಲ್ಲಿ ಹೆಚ್ಚಾಗಿ ಇರುವುದು ಕ್ಯಾಲ್ಸಿಯಂ ಜೊತೆ ಗಟ್ಟಿಯಾಗದ ಡಿಟರ್ಜೆಂಟ್. ನಾನು ಬಾರ್ ಸೋಪಿನವನು, ಬಿಟ್ಟಿಲ್ಲ. ಬದಲಿಗೆ ಹದಿನೈದು ದಿನಕ್ಕೊಮ್ಮೆ ಲಿಕ್ವಿಡ್ ಹಚ್ಚಿ ತೊಳೆದು, ಸಿಟ್ರಿಕ್ ನೀರನ್ನು ಸ್ಪ್ರೇ ಮಾಡಿ ಹತ್ತು ನಿಮಿಷ ಬಿಡುತ್ತೇನೆ. ಹೊಸ ಕಲೆಗೆ ಬ್ಯಾಂಡೇಜ್ ಬೇಕಾಗುವುದಿಲ್ಲ.

ಎರಡು ತಿಂಗಳಾಯಿತು. ನಿನ್ನೆ ಮತ್ತೆ ಟಾರ್ಚ್ ಹಿಡಿದು ಓರೆಯಾಗಿ ನೋಡಿದೆ. ದೊಡ್ಡ ಗಾಜು ತಿಳಿಯಾಗಿದೆ. ಹಿಡಿಯ ಹಿಂದೆ, ವೈಪರ್ ಹೋಗದ ಎರಡು ಬೆರಳಗಲದ ಜಾಗದಲ್ಲಿ ಮಾತ್ರ ಉಂಗುರಗಳು ಮತ್ತೆ ಶುರುವಾಗಿವೆ, ಅಂಚು ದಪ್ಪ, ನಡು ತೆಳು. ಸ್ನಾನ ಆದ ಮೇಲೆ ಅಲ್ಲಿಗೆ ಟವೆಲಿನ ತುದಿ ತೂರಿಸಿ ಒರೆಸಬೇಕು.